ದೊಡ್ಡ ಹಾವು ತರುವ ಮುಂಚೆ: ಬೋವಾ, ಕಾರ್ಪೆಟ್ ಪೈಥಾನ್ ಮತ್ತು ಉಳಿದವುಗಳ ನೇರ ವಿಮರ್ಶೆ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಕಾರ್ನ್ ಸ್ನೇಕ್ ಅಥವಾ ಬಾಲ್ ಪೈಥಾನ್ ಥರದ ಸಣ್ಣ ಹಾವು ಸಾಕಿ ಕೈ ಪಳಗಿದೆ, ಇನ್ನು ಸ್ವಲ್ಪ ದೊಡ್ಡದು ಬೇಕು ಅನ್ನುವವರಿಗೆ ನನ್ನ ಆಯ್ಕೆ ಬೋವಾ ಇಂಪರೇಟರ್, ಅದರಲ್ಲೂ ಗಂಡು. ಎರಡನೇ ಸ್ಥಾನ ಕಾರ್ಪೆಟ್ ಪೈಥಾನ್‌ಗೆ. ಬರ್ಮೀಸ್, ರೆಟಿಕ್ಯುಲೇಟೆಡ್ ಅನ್ನುವ ದೈತ್ಯ ಹೆಬ್ಬಾವುಗಳು ಎರಡೂ ಈ ಹಂತದಲ್ಲಿ ಬೇಡವೇ ಬೇಡ. ಬೋವಾ, ಕಾರ್ಪೆಟ್ ಎರಡನ್ನೂ ಮನೆಯಲ್ಲಿಟ್ಟುಕೊಂಡು ನೋಡಿದ್ದೇನೆ, ಉಳಿದವುಗಳಲ್ಲಿ ಕೆಲವನ್ನು ಗೆಳೆಯರ ಹತ್ತಿರ ಹಿಡಿದು ನೋಡಿದ್ದೇನೆ.

ಹಾವು ಕೊಳ್ಳಲು ಹೋದವರೆಲ್ಲ ಕೇಳುವ ಮೊದಲ ಪ್ರಶ್ನೆ "ಎಷ್ಟು ಅಡಿ ಬೆಳೆಯುತ್ತದೆ?" ಮಾರುವವರಿಗೂ ಆ ಪ್ರಶ್ನೆಯೇ ಸುಲಭ. ಆದರೆ ಬರೀ ಉದ್ದ ತಿಳಿದುಕೊಂಡು ಏನೂ ಪ್ರಯೋಜನವಿಲ್ಲ. ಬ್ಲಡ್ ಪೈಥಾನ್ ತೆಗೆದುಕೊಳ್ಳಿ. ಐದು ಅಡಿ ಅಂತ ಬರೆದಿರುತ್ತಾರೆ. ಕಾರ್ನ್ ಸ್ನೇಕ್ ಕೂಡ ಐದು ಅಡಿ ಮುಟ್ಟುತ್ತದೆ, ಹಾಗಾದರೆ ಎರಡೂ ಒಂದೇ ಅಲ್ವಾ ಅನಿಸುತ್ತದೆ. ಅಲ್ಲ. ಬೆಳೆದ ಕಾರ್ನ್ ಒಂದು ಕಿಲೋ ಮುಟ್ಟುವುದೇ ಅಪರೂಪ, ಹೆಣ್ಣು ಬ್ಲಡ್ ಪೈಥಾನ್ ಹೆಚ್ಚು ಕಡಿಮೆ ಅದೇ ಉದ್ದಕ್ಕೆ ಆರೇಳು ಕಿಲೋ ತೂಗಬಹುದು. ಒಂದನ್ನು ಬೆರಳಿಗೆ ಸುತ್ತಿಕೊಂಡು ಓಡಾಡಬಹುದು, ಇನ್ನೊಂದನ್ನು ಎರಡೂ ಕೈ ಕೊಟ್ಟು ಎತ್ತಬೇಕು. ಆದ್ದರಿಂದ ತೂಕ ಕೇಳಿ. ಇಲಿಯ ವಾಸನೆ ಬಂದಾಗ ಹೇಗೆ ಆಡುತ್ತದೆ ಅಂತ ಕೇಳಿ. ಬೆಳೆದ ಮೇಲೆ ಬೇಕಾಗುವ ಪೆಟ್ಟಿಗೆಯ ಅಳತೆ ಕೇಳಿ, ಮನೆಗೆ ಬಂದು ಆ ಅಳತೆಯನ್ನು ನೆಲದ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿ ನೋಡಿ. ಅರ್ಧ ಜನರ ಆಸೆ ಅಲ್ಲೇ ಇಳಿಯುತ್ತದೆ, ಇಳಿದರೆ ಒಳ್ಳೆಯದೇ.

ಈಗ ಬೋವಾ. ಅಂಗಡಿಗಳಲ್ಲಿ "ಕೆಂಪು ಬಾಲದ ಬೋವಾ" ಅಂತ ಹೆಸರಿಟ್ಟು ಮಾರುವುದರಲ್ಲಿ ಎರಡು ಬೇರೆ ಬೇರೆ ಹಾವುಗಳಿವೆ. ಜಾಸ್ತಿ ಸಿಗುವುದು ಬೋವಾ ಇಂಪರೇಟರ್, ಮೆಕ್ಸಿಕೋದಿಂದ ಮಧ್ಯ ಅಮೆರಿಕ ದಾಟಿ ಕೊಲಂಬಿಯಾದ ಕಡೆಯವರೆಗೆ ಇರುವಂಥದ್ದು. ಇನ್ನೊಂದು ಬೋವಾ ಕನ್‌ಸ್ಟ್ರಿಕ್ಟರ್, ಅಮೆಜಾನ್ ಕಡೆಯದು, ಇದರ ಬಾಲದ ಕೆಂಪು ನಿಜಕ್ಕೂ ಕಣ್ಣಿಗೆ ಹೊಡೆಯುತ್ತದೆ. ಆದರೆ ಇದು ಇನ್ನೂ ದೊಡ್ಡದಾಗುತ್ತದೆ, ಹೊಟ್ಟೆಯೂ ನಾಜೂಕು. ಸ್ವಲ್ಪ ದೊಡ್ಡ ಇಲಿ ಕೊಟ್ಟರೂ, ಪೆಟ್ಟಿಗೆಯ ಬಿಸಿ ಸ್ವಲ್ಪ ಕಡಿಮೆಯಾದರೂ ತಿಂದದ್ದನ್ನು ಕಕ್ಕಿಬಿಡುತ್ತದೆ. ಒಮ್ಮೆ ಕಕ್ಕಿದರೆ ಎರಡು ವಾರವಾದರೂ ಸುಮ್ನೆ ಬಿಟ್ಟು, ಆಮೇಲೆ ತೀರಾ ಚಿಕ್ಕ ಇಲಿಯಿಂದ ಮತ್ತೆ ಶುರು ಮಾಡಬೇಕು. ಮೊದಲ ದೊಡ್ಡ ಹಾವಿಗೆ ಆ ತಲೆನೋವು ಯಾಕೆ? ಇಂಪರೇಟರ್ ಸಾಕು.

ಗಂಡು ಯಾಕೆ ಅಂದರೆ, ಇಂಪರೇಟರ್ ಗಂಡು ಸಾಮಾನ್ಯವಾಗಿ 5ರಿಂದ 6 ಅಡಿಗೆ ನಿಲ್ಲುತ್ತದೆ, ಹೆಣ್ಣು 6ರಿಂದ 8 ಅಡಿ ಹೋಗುತ್ತದೆ. ಅಡಿ ಎರಡೇ ಜಾಸ್ತಿ ಅನಿಸಬಹುದು, ಆದರೆ ಹೆಣ್ಣಿನ ದಪ್ಪ ನೋಡಿದರೆ ಲೆಕ್ಕವೇ ಬೇರೆ. ಮರಿಯಲ್ಲಿ ಗಂಡು ಹೆಣ್ಣು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಬಾಲದ ಬುಡದಲ್ಲಿ ಎರಡೂ ಕಡೆ ಒಂದೊಂದು ಪುಟ್ಟ ಮುಳ್ಳು ಇರುತ್ತದೆ, ಹಿಂಗಾಲಿನ ಗುರುತು ಅದು, ಬೆಳೆದ ಗಂಡಿನಲ್ಲಿ ದೊಡ್ಡದಾಗಿ ಕಾಣುತ್ತದೆ. ಮರಿಗೆ ಮಾತ್ರ ಗೊತ್ತಿರುವವರು ಬಾಲದ ಬುಡದೊಳಗೆ ಪ್ರೋಬ್ ಅನ್ನುವ ತೆಳು ಕಡ್ಡಿ ಹಾಕಿಯೇ ಹೇಳಬೇಕು. "ಗಂಡೇ ಇರಬೇಕು" ಅನ್ನುವ ಉತ್ತರಕ್ಕೆ ದುಡ್ಡು ಕೊಡಬೇಡಿ.

ಹಿಡಿದಾಗ ಹೇಗಿರುತ್ತದೆ? ಕಾರ್ನ್ ಸ್ನೇಕ್ ಕೈಯಿಂದ ಕೈಗೆ ಹರಿಯುತ್ತಾ ಹೋಗುತ್ತದೆ, ನಿಮ್ಮ ಕೈ ಅದಕ್ಕೆ ದಾರಿ ಅಷ್ಟೇ. ಬೋವಾ ಹಾಗಲ್ಲ. ಅದು ಹಿಡಿದುಕೊಳ್ಳುತ್ತದೆ. ಬಾಲದ ತುದಿಯನ್ನು ಮೊಣಕೈ ಹತ್ತಿರ ಒಂದು ಸುತ್ತು ಹಾಕಿ ಲಂಗರು ಮಾಡಿಕೊಂಡು, ಮೈಯ ಮುಂಭಾಗವನ್ನು ಗಾಳಿಯಲ್ಲಿ ನೀಡಿ, ನಿಧಾನಕ್ಕೆ ನಾಲಗೆ ಆಡಿಸುತ್ತಾ ಕೋಣೆಯನ್ನೆಲ್ಲ ನೋಡುತ್ತದೆ. ನೀವು ಉಸಿರು ಬಿಟ್ಟಾಗ ಅದರ ಹಿಡಿತ ಸ್ವಲ್ಪ ಸಡಿಲವಾಗುತ್ತದೆ, ನೀವು ಅಲುಗಾಡಿದರೆ ಬಿಗಿಯಾಗುತ್ತದೆ. ಬೀಳಬಾರದು ಅನ್ನುವ ಜಾಗ್ರತೆ ಅದಕ್ಕೆ, ಬೇರೇನೂ ಇಲ್ಲ. ಆದರೂ ಕುತ್ತಿಗೆಗೆ ಹಾಕಿಕೊಂಡು ಫೋಟೋ ತೆಗೆಸುವ ಚಟ ಬೇಡ. ಹೆಗಲ ಮೇಲೆ ಇರಲಿ, ಕುತ್ತಿಗೆ ಸುತ್ತ ಬೇಡ, ಮನೆಯಲ್ಲಿ ಒಬ್ಬರೇ ಇರುವಾಗಂತೂ ಖಂಡಿತ ಬೇಡ.

ಊಟದ ವಿಷಯಕ್ಕೆ ಬಂದರೆ, ಇಲ್ಲೇ ಬೋವಾಗೆ ನಾನು ಅಂಕ ಜಾಸ್ತಿ ಕೊಡುವುದು. ಬಾಲ್ ಪೈಥಾನ್ ಸಾಕಿದವರಿಗೆ ಆ ಉಪವಾಸದ ಕಾಟ ಗೊತ್ತು. ತಿಂಗಳುಗಟ್ಟಲೆ ತಿನ್ನುವುದಿಲ್ಲ, ನಮಗೆ ನಿದ್ದೆ ಇಲ್ಲ, ಅದಕ್ಕೆ ಚಿಂತೆ ಇಲ್ಲ. ಬೋವಾ ಹಾಗೆ ಸತಾಯಿಸುವುದು ಕಡಿಮೆ. ಸತ್ತ ಇಲಿಯನ್ನು ಫ್ರೀಜರ್‌ನಿಂದ ತೆಗೆದು, ಪೂರ್ತಿ ಕರಗಿಸಿ, ಬಿಸಿ ನೀರಿನಲ್ಲಿ ತಲೆಯ ಭಾಗ ಬೆಚ್ಚಗೆ ಮಾಡಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು ತೋರಿಸಿದರೆ ಮುಗಿಯಿತು. ಇಕ್ಕಳ ಉದ್ದವಿರಲಿ, ಒಂದಡಿಗಿಂತ ಚಿಕ್ಕದನ್ನು ಮುಟ್ಟಲೂ ಬೇಡಿ.

ಇಲ್ಲಿ ಒಂದು ಸ್ವಾರಸ್ಯ ಇದೆ. ಬೋವಾ ಇಲಿಯನ್ನು ಉಸಿರುಗಟ್ಟಿಸಿ ಕೊಲ್ಲುತ್ತದೆ ಅಂತ ನಾವೆಲ್ಲ ಕೇಳಿಕೊಂಡು ಬೆಳೆದವರು. 2015ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಅದು ಹಾಗಲ್ಲ ಅಂತ ತೋರಿಸಿದರು. ಹಾವು ಸುತ್ತಿಕೊಂಡ ಕೆಲವೇ ಸೆಕೆಂಡಿನಲ್ಲಿ ಇಲಿಯ ರಕ್ತ ಓಡಾಟ ಕೆಡುತ್ತದೆ, ಸಾವು ಬರುವುದು ಅದರಿಂದ. ಅದಕ್ಕೂ ಮುಂಚೆ, 2012ರ ಇನ್ನೊಂದು ಪ್ರಯೋಗದಲ್ಲಿ ಸತ್ತ ಇಲಿಯೊಳಗೆ ಬಡಿಯುವ ಕೃತಕ ಹೃದಯ ಇಟ್ಟು ಬೋವಾಗೆ ಕೊಟ್ಟಿದ್ದರು. ಬಡಿತ ಇರುವಷ್ಟು ಹೊತ್ತು ಹಾವು ಹಿಡಿತ ಸರಿಮಾಡಿಕೊಳ್ಳುತ್ತಾ ಅದುಮುತ್ತಲೇ ಇತ್ತು, ಬಡಿತ ಇಲ್ಲದಿದ್ದಾಗ ಬೇಗ ಬಿಟ್ಟಿತು. ಇದನ್ನು ಓದಿದ ಮೇಲೆ ಫ್ರೀಜರ್ ಇಲಿ ಕೊಡುವಾಗ ಗಮನಿಸಿ ನೋಡಿ, ಇಕ್ಕಳದಲ್ಲಿ ಸ್ವಲ್ಪ ಅಲುಗಿಸಿದರೆ ಸುತ್ತು ಬಿಗಿಯಾಗುತ್ತದೆ, ಅಲುಗಿಸದೆ ಬಿಟ್ಟರೆ ಬೇಗ ಸಡಿಲಿಸಿ ಇಲಿಯ ಮೂತಿ ಹುಡುಕಲು ಶುರು ಮಾಡುತ್ತದೆ. ನಾನು ಅಲುಗಿಸುತ್ತೇನೆ. ಅದಕ್ಕೂ ಒಂದು ವ್ಯಾಯಾಮ ಬೇಕಲ್ಲ.

ವ್ಯಾಯಾಮ ಅಂದೆ, ಸುಮ್ನೆ ಅಂದಿದ್ದಲ್ಲ. ಸಾಕಿದ ಬೋವಾಗಳಲ್ಲಿ ಬೊಜ್ಜು ತೀರಾ ಸಾಮಾನ್ಯ. ಮರಿಗೆ ಹತ್ತು ದಿನಕ್ಕೊಮ್ಮೆ ಸಾಕು, ಬೆಳೆದದ್ದಕ್ಕೆ ಮೂರು ನಾಲ್ಕು ವಾರಕ್ಕೊಮ್ಮೆ ಧಾರಾಳವಾಯಿತು. ಇಲಿ ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ದಪ್ಪ ಇರುವುದು ಬೇಡ. ಬೇಗ ದೊಡ್ಡದು ಮಾಡಬೇಕು ಅಂತ ವಾರ ವಾರ ತುರುಕುವವರನ್ನು ನೋಡಿದ್ದೇನೆ. ಅಂಥ ಹಾವು ಬಾಗಿದಾಗ ಚರ್ಮದ ಕೆಳಗೆ ಕೊಬ್ಬಿನ ಉಂಡೆಗಳು ಏಳುತ್ತವೆ, ಬಾಲದ ಬುಡ ಉಬ್ಬಿರುತ್ತದೆ. ಚೆನ್ನಾಗಿ ನೋಡಿಕೊಂಡರೆ 20ರಿಂದ 30 ವರ್ಷ ಬದುಕುವ ಪ್ರಾಣಿ ಇದು, ಫಿಲಡೆಲ್ಫಿಯಾ ಮೃಗಾಲಯದಲ್ಲಿ ಪಾಪೈ ಅನ್ನುವ ಬೋವಾ 40 ವರ್ಷ ದಾಟಿ ಬದುಕಿ 1977ರಲ್ಲಿ ಸತ್ತಿತು. ನಿಮಗೆ ಈಗ ಮೂವತ್ತು ಅಂದುಕೊಳ್ಳಿ, ಅದು ಹೋಗುವಾಗ ನಿಮಗೆಷ್ಟು ಅಂತ ಲೆಕ್ಕ ಹಾಕಿ ಆಮೇಲೆ ತನ್ನಿ.

ಯಾರೂ ಹೇಳದ ಇನ್ನೊಂದು ಮಾತು, ಗಲೀಜು. ಕಾರ್ನ್ ಸ್ನೇಕ್ ಮಾಡಿದ್ದನ್ನು ಒಂದು ಟಿಶ್ಯೂನಲ್ಲಿ ಎತ್ತಿ ಬಿಸಾಕುತ್ತೇವೆ. ದೊಡ್ಡ ಬೋವಾ ಮಾಡಿದರೆ ಕಿಟಕಿ ತೆಗೆಯಬೇಕು, ಪೆಟ್ಟಿಗೆಯ ತಳಕ್ಕೆ ಹಾಸಿದ ತೆಂಗಿನ ನಾರಿನ ಪುಡಿಯಲ್ಲಿ ಕಾಲು ಭಾಗ ಎತ್ತಿ ಹಾಕಬೇಕು, ನೀರಿನ ತೊಟ್ಟಿಯಲ್ಲಿ ಮಾಡಿದ್ದರೆ ಆ ಹೊತ್ತಿನ ಬೇರೆ ಕೆಲಸ ಎಲ್ಲ ಬಿಟ್ಟಂತೆಯೇ. ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಸುಳ್ಳಲ್ಲ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇನ್ನೂ ಜಾಸ್ತಿ ಎಚ್ಚರ. ಈ ಗಲೀಜಿಗೆ ಬೋವಾದ ಅಂಕದಲ್ಲಿ ಅರ್ಧ ಕಳೆದಿದ್ದೇನೆ. ಐದಕ್ಕೆ ನಾಲ್ಕೂವರೆ.

ಕಾರ್ಪೆಟ್ ಪೈಥಾನ್ ಬಗ್ಗೆ ನನಗೆ ಮೆಚ್ಚುಗೆಯೂ ಇದೆ, ತಕರಾರೂ ಇದೆ. ನೋಡಲು ಇದರಷ್ಟು ಚೆಂದದ್ದು ಕಡಿಮೆ. ಬೋವಾ ದಿನವಿಡೀ ಮುದುರಿಕೊಂಡು ಬಿದ್ದಿದ್ದರೆ ಕಾರ್ಪೆಟ್ ರಾತ್ರಿಯಾಗುತ್ತಲೇ ಕೊಂಬೆ ಹತ್ತಿ ತಲೆ ಕೆಳಗೆ ನೇತುಹಾಕಿ ಕಾಯುತ್ತಾ ಕೂರುತ್ತದೆ. ಜಂಗಲ್ ಕಾರ್ಪೆಟ್ ಅನ್ನುವ ಬಗೆ 5ರಿಂದ 7 ಅಡಿ, ಕೋಸ್ಟಲ್ ಅನ್ನುವ ಬಗೆ ಅದಕ್ಕಿಂತ ದೊಡ್ಡದು, 8 ಅಡಿ ದಾಟಿದರೂ ಆಶ್ಚರ್ಯವಿಲ್ಲ. ಮೈ ತೆಳ್ಳಗೆ ಇರುವುದರಿಂದ ಅಷ್ಟುದ್ದಕ್ಕೂ ತೂಕ ಹೊರೆ ಅನಿಸುವುದಿಲ್ಲ. ಆದರೆ ಮರಿಗಳು ಕಚ್ಚುತ್ತವೆ. ಮುಲಾಜಿಲ್ಲ. ಎಲ್ಲಾ ಮರಿಯೂ ಅಲ್ಲ, ಬಹಳಷ್ಟು. ಬೆಳೆಯುತ್ತಾ ಶಾಂತವಾಗುತ್ತವೆ, ಆದರೆ ಅಲ್ಲಿಯವರೆಗೆ ತಾಳ್ಮೆ ಬೇಕು.

ಕಾರ್ಪೆಟ್‌ನ ಇನ್ನೊಂದು ಗುಣ, ಪೆಟ್ಟಿಗೆಯೊಳಗೆ ಒಂದು ಥರ, ಹೊರಗೆ ಇನ್ನೊಂದು ಥರ. ತುಟಿಯ ಅಂಚಿನಲ್ಲಿ ಸಾಲಾಗಿ ಸಣ್ಣ ಗುಳಿಗಳು ಕಾಣುತ್ತವಲ್ಲ, ಅವು ಬಿಸಿಯನ್ನು ಗುರುತಿಸುತ್ತವೆ. ಕತ್ತಲಲ್ಲಿ ಬಾಗಿಲು ಸರಿದು ಬೆಚ್ಚಗಿನದೊಂದು ಒಳಗೆ ಬಂದರೆ ಅದಕ್ಕೆ ಅದು ಊಟ. ನಿಮ್ಮ ಕೈ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಅದಕ್ಕೇ ಹುಕ್, ಅಂದರೆ ಹಾವು ಎತ್ತುವ ಕೊಕ್ಕೆ ಕೋಲು, ಅದರ ಅಭ್ಯಾಸ ಮಾಡಿಸಬೇಕು. ಊಟ ಇಲ್ಲದ ದಿನ ಬಾಗಿಲು ತೆಗೆದ ತಕ್ಷಣ ಹುಕ್‌ನ ತುದಿಯಿಂದ ಮೈ ಮಧ್ಯಭಾಗವನ್ನು ಮೆಲ್ಲಗೆ ಮುಟ್ಟಿ, ತಲೆಯನ್ನು ಆಚೆ ತಿರುಗಿಸಿಕೊಳ್ಳುವವರೆಗೆ ಕಾಯಿರಿ. ನಾಲಗೆ ಹೊರಗೆ ಬಂದು ನಿಧಾನಕ್ಕೆ ಆಡಲು ಶುರುವಾಯಿತೋ, ಈಗ ಎತ್ತಬಹುದು. ಕುತ್ತಿಗೆ ಇಂಗ್ಲಿಷಿನ ಎಸ್ ಥರ ಮಡಚಿ, ನಾಲಗೆ ಆಡಿಸದೆ ನಿಮ್ಮನ್ನೇ ದಿಟ್ಟಿಸುತ್ತಿದ್ದರೆ ಬಾಗಿಲು ಹಾಕಿ. ಇದೇ ಅಭ್ಯಾಸ ಬೋವಾಗೂ ಬೇಕು, ಅದು ಬೇಗ ಕಲಿಯುತ್ತದೆ. ಕಚ್ಚಿಸಿಕೊಂಡರೆ ಕೈ ಎಳೆಯಬೇಡಿ, ಹಲ್ಲುಗಳು ಒಳಮುಖವಾಗಿ ಬಾಗಿರುತ್ತವೆ, ಎಳೆದಷ್ಟೂ ಹರಿಯುತ್ತದೆ.

ಕಾರ್ಪೆಟ್‌ನಲ್ಲಿ ಜಾಗ್ವಾರ್ ಅನ್ನುವ ಬಣ್ಣದ ತಳಿ ಇದೆ, ಹಳದಿ ಜಾಸ್ತಿ, ನೋಡಿದವರು ಬಿದ್ದುಹೋಗುತ್ತಾರೆ. ಆ ಬಣ್ಣದ ಜೊತೆಗೇ ನರದ ತೊಂದರೆಯೂ ಬರುತ್ತದೆ, ಕೆಲವು ತಲೆ ಅಲ್ಲಾಡಿಸುತ್ತವೆ, ಕೆಲವು ಮೈ ತಿರುಚಿಕೊಂಡು ಗುರಿ ತಪ್ಪುತ್ತವೆ. ಬಾಲ್ ಪೈಥಾನ್‌ನಲ್ಲಿ ಇದೇ ತೊಂದರೆ ಇರುವ ಸ್ಪೈಡರ್ ತಳಿಯ ಬಗ್ಗೆ ಕೇಳಿದವರಿಗೆ ಇದು ಹೊಸದಲ್ಲ. ನಾನು ಕೊಳ್ಳುವುದಿಲ್ಲ, ನಿಮಗೂ ಬೇಡ ಅನ್ನುತ್ತೇನೆ. ಒಟ್ಟಾರೆ ಕಾರ್ಪೆಟ್‌ಗೆ ನಾಲ್ಕು. ಆಸ್ಟ್ರೇಲಿಯಾದ ನಡುಭಾಗದ ಬ್ರೆಡ್ಲಿ ಪೈಥಾನ್ ಸಿಕ್ಕರೆ ಇನ್ನೂ ಒಳ್ಳೆಯದು, ಅದೇ ಬಳಗದ್ದು, ಸ್ವಭಾವ ಮೆದು.

ಬುಲ್ ಸ್ನೇಕ್, ಪೈನ್ ಸ್ನೇಕ್ ಬಗ್ಗೆ ಎರಡು ಮಾತು. ಹಗಲು ಓಡಾಡುವ ಹಾವು ಬೇಕು, ಬಿಸಿ ತೇವಾಂಶದ ತಲೆಬಿಸಿ ಕಡಿಮೆ ಇರಲಿ ಅನ್ನುವವರಿಗೆ ಇವು ಸರಿ. ಬುಸುಗುಟ್ಟುವುದು ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಗಂಟಲ ಬಾಯಲ್ಲಿ ಒಂದು ಪದರ ಅದುರಿ ಅಷ್ಟು ಸದ್ದು ಬರುವುದು, ಬಹಳ ಸಲ ಅದು ಬರೀ ಬೆದರಿಕೆ. ಮಡಗಾಸ್ಕರ್‌ನ ಡ್ಯುಮೆರಿಲ್ಸ್ ಬೋವಾ ಆರಡಿ ಆಸುಪಾಸಿನ, ಸೋಮಾರಿ, ಒಳ್ಳೆಯ ಹಾವು. ಆದರೆ ಅದು ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ, ಕಾಗದ ಪತ್ರ ಕಟ್ಟುನಿಟ್ಟು. ಹೆಬ್ಬಾವು, ಬೋವಾ ಎಲ್ಲವೂ ಸೈಟಿಸ್‌ನ ಯಾವುದಾದರೊಂದು ಪಟ್ಟಿಯಲ್ಲಿ ಇದ್ದೇ ಇರುತ್ತವೆ, ಹೆಚ್ಚಿನವು ಎರಡನೆಯದರಲ್ಲಿ. ನೀವಿರುವ ಕಡೆ ಯಾವ ಹಾವು ಸಾಕಲು ಅನುಮತಿ ಇದೆ, ಯಾವುದಕ್ಕೆ ಇಲ್ಲ ಅನ್ನುವುದನ್ನು ಹಾವು ನೋಡುವ ಮುಂಚೆಯೇ ನೋಡಿ. ಬ್ಲಡ್ ಪೈಥಾನ್ ಬಗ್ಗೆ ಮೇಲೆ ಹೇಳಿದ್ದೇನೆ, ತೇವಾಂಶ ಸದಾ ಜಾಸ್ತಿ ಬೇಕು, ಮೂರಕ್ಕಿಂತ ಮೇಲೆ ಕೊಡಲಾರೆ.

ಇನ್ನು ರಾಕ್ಷಸ ಗಾತ್ರದವು. ರೆಟಿಕ್ಯುಲೇಟೆಡ್ ಪೈಥಾನ್ ಜಗತ್ತಿನ ಅತಿ ಉದ್ದದ ಹಾವು. ಕಾನ್ಸಾಸ್ ಸಿಟಿಯಲ್ಲಿ ಮೆಡೂಸಾ ಅನ್ನುವ ಹೆಣ್ಣನ್ನು 2011ರಲ್ಲಿ ಅಳೆದಾಗ 7.67 ಮೀಟರ್ ಇತ್ತು. ಬರ್ಮೀಸ್ ಮರಿ ಅಂಗೈಯಲ್ಲಿ ಕೂರುವಷ್ಟು ಮುದ್ದು, ಸ್ವಭಾವವೂ ಒಳ್ಳೆಯದು, ಅದೇ ಅದರ ಅಪಾಯ. ಕೆಲವೇ ವರ್ಷದಲ್ಲಿ ಹತ್ತಡಿ ದಾಟಿ ಒಬ್ಬರ ಕೈಗೆ ಬಗ್ಗದಂತಾಗುತ್ತದೆ. ಫ್ಲಾರಿಡಾದ ಎವರ್‌ಗ್ಲೇಡ್ಸ್‌ನಲ್ಲಿ ಇವತ್ತು ತುಂಬಿರುವ ಬರ್ಮೀಸ್ ಹೆಬ್ಬಾವುಗಳ ಮೂಲ ಹುಡುಕಿದರೆ ಸಾಕಿದವರು ಬಿಟ್ಟದ್ದು, ತಪ್ಪಿಸಿಕೊಂಡದ್ದು, ಅಲ್ಲಿಗೇ ಹೋಗಿ ನಿಲ್ಲುತ್ತದೆ. ಎಂಟಡಿ ದಾಟಿದ ಹಾವಿಗೆ ಊಟ ಹಾಕುವಾಗ, ಎತ್ತುವಾಗ ಇನ್ನೊಬ್ಬರು ಪಕ್ಕದಲ್ಲಿ ಇರಲೇಬೇಕು. ನಿಮ್ಮ ಮನೆಯಲ್ಲಿ ಆ ಇನ್ನೊಬ್ಬರು ಯಾರು? ಹೆಸರು ಬಾಯಿಗೆ ಬರದಿದ್ದರೆ ಇವುಗಳಿಗೆ ಅಂಕ ಕೊಡುವ ಪ್ರಶ್ನೆಯೇ ಇಲ್ಲ.

ಪೆಟ್ಟಿಗೆಯದ್ದೇ ಒಂದು ದೊಡ್ಡ ಕಥೆ, ಖರ್ಚಿನಲ್ಲಿ ಹಾವಿಗಿಂತ ಇದೇ ಮುಂದೆ. ಮೇಲೆ ಜಾಲರಿ ಇರುವ ಗಾಜಿನ ಟ್ಯಾಂಕ್ ಕಾರ್ನ್‌ಗೆ ನಡೆಯಿತು, ಬೋವಾಗೆ ನಡೆಯುವುದಿಲ್ಲ. ಬಿಸಿ, ತೇವಾಂಶ ಎರಡೂ ಮೇಲಿನಿಂದ ಹಾರಿಹೋಗುತ್ತವೆ. ಪಿವಿಸಿ ಪೆಟ್ಟಿಗೆ ತೆಗೆದುಕೊಳ್ಳಿ, ಮುಂದೆ ಬಾಗಿಲಿರುವಂಥದ್ದು. ಗಂಡು ಬೋವಾಗೆ 180 ಸೆಂಟಿಮೀಟರ್ ಉದ್ದ, 60 ಅಗಲ, 60 ಎತ್ತರ ಇದ್ದರೆ ಮೈ ಪೂರ್ತಿ ನೀಡಿ ಮಲಗುತ್ತದೆ. ಕಾರ್ಪೆಟ್‌ಗೆ ಎತ್ತರ ಇನ್ನೂ ಇದ್ದರೆ ಚೆನ್ನ. ನಾನು ತರಿಸಿದ ಒಂದು ಪೆಟ್ಟಿಗೆಯಲ್ಲಿ ಜಾರುವ ಎರಡು ಗಾಜುಗಳ ನಡುವೆ ಸಂದು ಬಿಟ್ಟಿತ್ತು. ದೊಡ್ಡ ಹಾವಿಗೆ ಅದು ಲೆಕ್ಕಕ್ಕಿಲ್ಲ, ಮರಿ ಮಾತ್ರ ನಿರಾಯಾಸವಾಗಿ ಹೊರಗೆ ಬರುವಷ್ಟು. ಕಳಿಸಿದವರಿಗೆ ಫೋಟೋ ಕಳಿಸಿದರೆ "ರಬ್ಬರ್ ಪಟ್ಟಿ ಅಂಟಿಸಿಕೊಳ್ಳಿ" ಅಂದರು. ಅಂಟಿಸಿಕೊಂಡೆ. ಬೀಗ ಕೂಡ ನಾನೇ ಹಾಕಿಸಿದೆ. ಹಾವು ಮೂತಿಯಿಂದ ಗಾಜು ತಳ್ಳುವ ಬಲ ನೋಡಿದವರು ಬೀಗ ಇಲ್ಲದೆ ಮಲಗುವುದಿಲ್ಲ.

ಬಿಸಿಗೆ ಚಾವಣಿಗೆ ತಿರುಪು ಹಾಕಿ ಕೂರಿಸುವ ಹೀಟ್ ಪ್ಯಾನೆಲ್ ಅಥವಾ ಸುತ್ತ ಬಲೆ ಇರುವ ಹೀಟರ್. ಬಿಸಿ ಕಡೆ 31-32 ಡಿಗ್ರಿ ಸೆಲ್ಸಿಯಸ್, ತಂಪು ಕಡೆ 25-26, ತೇವಾಂಶ 60 ಶೇಕಡಾ ಆಸುಪಾಸು, ಬೋವಾಗೆ ಇಷ್ಟು ಸಾಕು. ಬಿಸಿ ಕಲ್ಲು ಅಂತ ಮಾರುತ್ತಾರೆ, ಹೊಟ್ಟೆ ಸುಟ್ಟುಕೊಂಡ ಹಾವುಗಳಿಗೆ ಲೆಕ್ಕವಿಲ್ಲ, ಬೇಡ. ಬಿಸಿ ನೋಡಿಕೊಂಡು ಹೀಟರ್ ಆನ್ ಆಫ್ ಮಾಡುವ ಥರ್ಮೋಸ್ಟಾಟ್ ಇಲ್ಲದೆ ಯಾವ ಹೀಟರ್ ಕೂಡ ಬೇಡ. ಅದರಲ್ಲೂ ಒಂದು ಸೂಕ್ಷ್ಮ ಇದೆ. ಥರ್ಮೋಸ್ಟಾಟ್‌ನ ಪ್ರೋಬ್, ಅಂದರೆ ಬಿಸಿ ಅಳೆಯುವ ತಂತಿಯ ತುದಿಯನ್ನು ಗಾಜಿಗೆ ಅಂಟಿಸಲು ಒಂದು ರಬ್ಬರ್ ಬಟ್ಟಲು ಕೊಡುತ್ತಾರೆ. ಕಾರ್ನ್ ಅದರ ಪಕ್ಕ ಹಾದುಹೋಗುತ್ತದೆ, ಬೋವಾ ಅದನ್ನು ಕಿತ್ತುಕೊಂಡೇ ಹೋಗುತ್ತದೆ. ಪ್ರೋಬ್ ನೀರಿನ ತೊಟ್ಟಿಯಲ್ಲಿ ಬಿತ್ತು ಅಂದರೆ ಥರ್ಮೋಸ್ಟಾಟ್‌ಗೆ ಪೆಟ್ಟಿಗೆ ತಣ್ಣಗಿದೆ ಅಂತಲೇ ಕಾಣುವುದು, ಹೀಟರ್ ಉರಿಯುತ್ತಲೇ ಇರುತ್ತದೆ. ತಂತಿಗೆ ಕ್ಲಿಪ್ ಹಾಕಿ ತಿರುಪು ಬಿಗಿಯಿರಿ.

ಕೊಳ್ಳುವುದು ಎಲ್ಲಿ ಅನ್ನುವುದಕ್ಕಿಂತ ಏನು ಕೇಳಿ ಕೊಳ್ಳಬೇಕು ಅನ್ನುವುದು ಮುಖ್ಯ. ಸಾಕಣೆಯಲ್ಲೇ ಹುಟ್ಟಿದ್ದಾ, ಕೊನೆಯ ಐದಾರು ಊಟ ಯಾವಾಗ, ಏನು ಕೊಟ್ಟಿರಿ, ಪೊರೆ ಒಂದೇ ತುಂಡಾಗಿ ಬಂತಾ. ಬರೆದಿಟ್ಟವರು ತಕ್ಷಣ ತೋರಿಸುತ್ತಾರೆ, ಬರೆದಿಡದವರು "ಎಲ್ಲಾ ಚೆನ್ನಾಗಿ ತಿನ್ನುತ್ತದೆ" ಅನ್ನುತ್ತಾರೆ. ಬೋವಾಗಳಲ್ಲಿ ಐಬಿಡಿ ಅನ್ನುವ ರೋಗ ಇದೆ, ರೆಪ್ಟಾರೆನಾ ವೈರಸ್‌ನಿಂದ ಬರುವಂಥದ್ದು, ಬೋವಾ ಇದನ್ನು ಹೊತ್ತುಕೊಂಡೂ ವರ್ಷಗಟ್ಟಲೆ ಆರೋಗ್ಯವಾಗಿ ಕಾಣಬಹುದು, ಪಕ್ಕದ ಪೆಟ್ಟಿಗೆಯ ಪೈಥಾನ್‌ಗೆ ತಗುಲಿದರೆ ಬೇಗ ಹಾಸಿಗೆ ಹಿಡಿಸುತ್ತದೆ. ಪೈಥಾನ್‌ಗಳಿಗೆ ನಿಡೋ ವೈರಸ್, ಉಸಿರಾಟದ ತೊಂದರೆ. ಎರಡಕ್ಕೂ ಪರೀಕ್ಷೆ ಇದೆ. ಹೊಸದನ್ನು ಹಳೆಯ ಹಾವುಗಳಿಂದ ದೂರ, ಬೇರೆ ಕೋಣೆಯಲ್ಲಿ 90 ದಿನ ಇಡಿ, ಇಕ್ಕಳ, ಹುಕ್ ಕೂಡ ಬೇರೆ. ರಕ್ತ ಹೀರುವ ಸಣ್ಣ ಉಣ್ಣಿ ಹುಳುಗಳು ಇವೆಯಾ ಅಂತ ಗದ್ದದ ಕೆಳಗಿನ ಗೆರೆಯಲ್ಲಿ, ಕಣ್ಣಿನ ಸುತ್ತ ನೋಡಿ, ನೀರಿನ ತೊಟ್ಟಿಯ ತಳದಲ್ಲಿ ಕರಿ ಚುಕ್ಕೆಗಳಿದ್ದರೆ ಅದೇ ಅವು.

ಇನ್ನೊಂದು ಸಲಹೆ, ಮರಿಯೇ ಬೇಕು ಅನ್ನುವ ಹಟ ಬಿಡಿ. ದೊಡ್ಡದಾಯಿತು, ಜಾಗ ಸಾಲದು ಅಂತ ಬೆಳೆದ ಬೋವಾಗಳನ್ನು ಕೊಡುವವರು ಇದ್ದೇ ಇರುತ್ತಾರೆ. ಮರಿಯಲ್ಲಿ ಊಹೆ, ಬೆಳೆದದ್ದರಲ್ಲಿ ಎಲ್ಲಾ ಕಣ್ಣೆದುರಿಗೆ, ಎಷ್ಟು ತೂಕ, ಹಿಡಿದರೆ ಹೇಗಿರುತ್ತದೆ, ಇಲಿ ಹೇಗೆ ತೆಗೆದುಕೊಳ್ಳುತ್ತದೆ. ಸಾಧ್ಯವಾದರೆ ಊಟದ ದಿನವೇ ಹೋಗಿ ನೋಡಿ, ಒಂದು ವಾರ ಬಿಟ್ಟು ಮತ್ತೆ ಹೋಗಿ ಕೈಯಲ್ಲಿ ಹಿಡಿಯಿರಿ. ಕೊಡುವವರು ಎರಡನೇ ಸಲ ಬರಬೇಡಿ ಅಂದರೆ ಆ ಹಾವು ಬಿಟ್ಟು ಇನ್ನೊಂದು ಹುಡುಕಿ.